ನೋಡಲು ಚೆನ್ನಾಗಿರುವವರು ಬಸ್ಸಿನಲ್ಲಿ ಅಂಗವಿಕಲರ ಸೀಟು ಕೇಳೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು, ಯಾದಗಿರಿ:
ನನ್ನ ತಂಗಿಗೆ ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇದೆ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ಕಲಬುರಗಿಗೆ ಹೋಗಬೇಕು. ಹೋಗುವ ದಿನವೇ ಅವಳಿಗೆ ಸುಸ್ತು ಜಾಸ್ತಿ, ಮೈಯಲ್ಲಿ ರಕ್ತ ಕಡಿಮೆ ಆಗಿರುತ್ತೆ. ನೋಡಿದರೆ ಕಾಲೇಜು ಹುಡುಗಿ. ಅಂಗವಿಕಲರ ಸೀಟಿನಲ್ಲಿ ಕೂತರೆ "ಕೈಕಾಲು ನೆಟ್ಟಗ ಅದಾವಲ್ಲ, ಏಳವ್ವ" ಅಂತಾರೆ. ಕಳೆದ ಸಲ ವಾದ ಮಾಡಲು ಆಗದೆ ಎದ್ದಳು, ಅರ್ಧ ದಾರಿ ನಿಂತೇ ಹೋದಳು. ನೀವಾದರೆ ಏನು ಮಾಡ್ತೀರಿ?

ಹುಮನಾಬಾದ್‌ನಿಂದ:
ನನಗೆ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲಿನ ಮೇಲೆ ಪ್ಯಾಂಟ್, ಶೂ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಡೆಯುವುದು ಕಷ್ಟವಲ್ಲ, ಓಡುವ ಬಸ್ಸಿನಲ್ಲಿ ನಿಲ್ಲುವುದೇ ಕಷ್ಟ. ಬ್ರೇಕ್ ಬಿದ್ದಾಗ ನೀವು ಪಾದ ಊರಿ ತಡೆದುಕೊಳ್ಳುತ್ತೀರಿ. ನನಗೆ ಭಾರವೆಲ್ಲ ಕಂಬ ಹಿಡಿದ ಕೈ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಕೃತಕ ಕಾಲಿನೊಳಗೆ ಬೆವರು ತುಂಬಿ, ಒಳಗಿನ ಕಾಲುಚೀಲ ಜಾರುತ್ತದೆ. ಕಲಬುರಗಿ ಬರುವಷ್ಟರಲ್ಲಿ ಚರ್ಮ ಉಜ್ಜಿ ಕೆಂಪಾಗಿರುತ್ತದೆ. ಇದನ್ನೆಲ್ಲ ಬಸ್ಸಿನವರಿಗೆಲ್ಲ ವಿವರಿಸುತ್ತಾ ಕೂರಬೇಕಾ? "ಪ್ಯಾಂಟ್ ಎತ್ತಿ ತೋರ್ಸು" ಅಂದವರೂ ಇದ್ದಾರೆ. ನಾನು ಎತ್ತುವುದಿಲ್ಲ. "ನನಗ ನಿಲ್ಲಾಕ ಆಗಲ್ಲ, ಅಂಗವಿಕಲರ ಕಾರ್ಡ್ ಕಂಡಕ್ಟರ್‌ಗೆ ತೋರಿಸೀನಿ." ಅಷ್ಟೇ ಮಾತು. ತಂಗಿಗೂ ಇಷ್ಟೇ ಹೇಳಿಕೊಡಿ. ಕಾಯಿಲೆ ಹೆಸರು ಬೇಡ. ಹೆಸರು ಹೇಳಿದರೆ ಯಾಕೆ ಬಂತು, ಯಾವಾಗ ವಾಸಿ ಆಗುತ್ತೆ, ಮದುವೆ ಹೇಗೆ ಅಂತ ಇಳಿಯುವ ತನಕ ವಿಚಾರಣೆ ನಡೆಯುತ್ತದೆ. ಪಾಪ, ಆ ಹುಡುಗಿಗೆ ಅದು ಬೇಕಾ?

ನಿವೃತ್ತ ಕಂಡಕ್ಟರ್, ಕಲಬುರಗಿ:
ಹತ್ತಿದ ಕೂಡಲೇ ಕಂಡಕ್ಟರ್‌ಗೆ ಹೇಳಿ, ಜಗಳ ಹತ್ತಿಕೊಂಡ ಮೇಲಲ್ಲ. ಕಾರ್ಡ್ ನೋಡಿದ್ದರೆ ನಾವೇ ಎದ್ದು ಹೋಗಿ ಸೀಟು ಬಿಡಿಸುತ್ತೇವೆ. ಇನ್ನೊಂದು ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆಧಾರ್ ತೋರಿಸಿದರೆ ಸಾಕು, ಟಿಕೆಟ್‌ಗೆ ದುಡ್ಡಿಲ್ಲ. ಹಾಗಾಗಿ ಅಂಗವಿಕಲರ ಕಾರ್ಡ್ ಯಾಕೆ ಅಂತ ಮನೆಯಲ್ಲೇ ಬಿಟ್ಟು ಬರುತ್ತಾರೆ. ಪ್ರಯಾಣ ಉಚಿತವಾದರೂ ಸೀಟು ಕೇಳಲು ಆ ಕಾರ್ಡೇ ದಾಖಲೆ. ಸಾಧ್ಯವಾದರೆ ಬಸ್ ಹೊರಡುವ ನಿಲ್ದಾಣದಲ್ಲೇ ಹತ್ತಿ, ನಡುವಿನ ಸ್ಟಾಪಿನಲ್ಲಿ ಬೇಡ.

ಬೀದರ್‌ನಿಂದ, ಒಬ್ಬ ತಾಯಿ:
ನನ್ನ ಮಗನಿಗೆ ಆಟಿಸಂ. ಅವನು ಕೂಗಿದರೆ "ಮಗನಿಗೆ ಬುದ್ಧಿ ಕಲಿಸ್ರಿ" ಅಂತಾರೆ. ಉತ್ತರ ಕೊಡುವುದು ಬಿಟ್ಟಿದ್ದೇನೆ. ಕಿಟಕಿ ಪಕ್ಕ ಕೂರಿಸಿದರೆ ಅವನು ಸುಮ್ನೆ ಇರುತ್ತಾನೆ, ಅದನ್ನೊಂದು ಕೇಳಿ ಪಡೆಯುತ್ತೇನೆ.

ಕಲಬುರಗಿಯಿಂದ:
ಎಬ್ಬಿಸುವವರೆಲ್ಲ ಕೆಟ್ಟವರಲ್ಲ ಅಂತ ನಾನು ಹೇಳಲೇಬೇಕು. ನನ್ನ ಎರಡೂ ಮೊಣಕಾಲು ಸವೆದಿವೆ, ನನಗೂ ನಿಲ್ಲಲು ಆಗುವುದಿಲ್ಲ. ಆದರೆ ಇಬ್ಬರು ಕಷ್ಟದವರು ಒಂದೇ ಸೀಟಿಗೆ ಕಿತ್ತಾಡುವಾಗ, ಹಿಂದಿನ ಸಾಲುಗಳಲ್ಲಿ ಗಟ್ಟಿಮುಟ್ಟಾದವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಅದು ನನಗೆ ಸಿಟ್ಟು ತರಿಸುತ್ತದೆ. ಆ ಒಂದು ಸೀಟಿನವರನ್ನೇ ಯಾಕೆ ಏಳಿಸಬೇಕು? "ಯಾರಾದ್ರೂ ಒಂದು ಸೀಟು ಕೊಡ್ರಪ್ಪ, ಮೊಣಕಾಲು ಬ್ಯಾನಿ ಅದ" ಅಂತ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತೇನೆ. ಯಾರೋ ಒಬ್ಬರು ಎದ್ದೇ ಏಳುತ್ತಾರೆ.

ಕೇಳಿದವರು:
ಎಲ್ಲರಿಗೂ ಶರಣು. ತಂಗಿ ಹತ್ತಿರ ಯಾವ ಕಾರ್ಡೂ ಇಲ್ಲ. ಕೈ, ಕಾಲು, ಕಣ್ಣು ಇಲ್ಲದವರಿಗೆ ಮಾತ್ರ ಕೊಡ್ತಾರೆ ಅಂದುಕೊಂಡಿದ್ವಿ. ರಕ್ತದ ಕಾಯಿಲೆಗೂ ಕೊಡ್ತಾರಾ?

ಹುಮನಾಬಾದ್‌ನಿಂದ:
ಖಂಡಿತ. ಅಂಗವಿಕಲರ 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆಗಿವೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಈ ಮೂರೂ ರಕ್ತದ ಕಾಯಿಲೆಗಳು ಅದರಲ್ಲಿವೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಕರೆಯುತ್ತಾರೆ, ರಕ್ತ ಹಾಕಿಸಿದ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ.

ರೈಲನ್ನೂ ಯೋಚಿಸಿ. ಯಾದಗಿರಿಯಿಂದ ವಾಡಿ, ಶಹಾಬಾದ್ ಮೇಲೆ ನೇರ ದಾರಿ. ಥಲಸ್ಸೇಮಿಯಾ ಇರುವವರು ಚಿಕಿತ್ಸೆಗೆ ಹೋಗುವಾಗ ಸ್ಲೀಪರ್ ಟಿಕೆಟ್‌ನಲ್ಲಿ ಶೇ. 75 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಸೇರಿ. ಇದಕ್ಕೆ ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ಬರೆದುಕೊಡಬೇಕು. ಮುಂದಿನ ಸಲ ರಕ್ತ ಹಾಕಿಸಲು ಹೋದಾಗಲೇ ಡಾಕ್ಟರ್ ಹತ್ತಿರ ಕೇಳಿಬಿಡಿ.