ಅಪ್‌ಡೇಟ್: ಬೇಸ್‌ಮೆಂಟ್ ರೂಮ್ ಮಾಡೋಕ್ ಮುಂಚೆ ತೇವದ ವಿಚಾರ

ಬೇಸ್‌ಮೆಂಟ್ ಗೋಡೆ ಬುಡದಲ್ಲಿ ಬಿಳಿ ಪುಡಿ ಬರ್ತಿದೆ, ವಾಟರ್‌ಪ್ರೂಫ್ ಪೇಂಟ್ ಹೊಡೆದು ರೂಮ್ ಮಾಡ್ಬಹುದಾ ಅಂತ ಕೇಳಿದ್ದೆ ಅಲ್ವಾ, ಅದರದ್ದೇ ಅಪ್‌ಡೇಟ್. ಪೇಂಟ್ ಸದ್ಯಕ್ಕಿಲ್ಲ. ತೇವ ಎಲ್ಲಿಂದ ಬರ್ತಿದೆ ಅಂತ ತಿಳಿಯೋಕೆ ನೀವು ಹೇಳಿದ ಹಾಗೆ 18 ಇಂಚು ಚೌಕದ ಪ್ಲಾಸ್ಟಿಕ್ ಶೀಟ್‌ನ ನೆಲಕ್ಕೆ ಸುತ್ತ ಟೇಪ್ ಹಾಕಿ ಅಂಟಿಸಿ ಮಾರನೇ ದಿನದವರೆಗೂ ಬಿಟ್ಟೆ (ಕಮ್ಮಿ ಅಂದ್ರೂ 16 ಗಂಟೆ ಬೇಕು), ಎತ್ತಿ ನೋಡಿದ್ರೆ ಅಡಿಭಾಗ ಪೂರ್ತಿ ಬೆವೆತಿದೆ, ಕಾಂಕ್ರೀಟ್ ಕಪ್ಪಾಗಿದೆ. ಶೀಟ್ ಮೇಲ್ಗಡೆ ಒದ್ದೆ ಆಗಿದ್ರೆ ಅದು ಗಾಳಿಯ ತೇವ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯೋ ಮೆಷಿನ್) ಇಟ್ರೆ ನಡೀತಿತ್ತು, ಅಡಿಯಲ್ಲಿ ಅಂದ್ರೆ ಮಣ್ಣಿಂದಾನೇ ಏರ್ತಿದೆ.

ಹೊರಗೆ ಹೋಗಿ ನೋಡಿದ್ರೆ ಛಾವಣಿ ಪೈಪಿನ ನೀರು ಸೀದಾ ಗೋಡೆ ಬುಡಕ್ಕೆ, ಮಣ್ಣಿನ ಇಳಿಜಾರೂ ಮನೆ ಕಡೆಗೇ! ಪೈಪ್ ಉದ್ದ ಮಾಡಿಸಿದೀನಿ, 10 ಅಡಿಗೆ 6 ಇಂಚು ಇಳಿಯೋ ಹಾಗೆ ಮಣ್ಣು ಹಾಕಿಸ್ತಿದೀನಿ. ಬಿಳಿ ಪುಡಿ, ಅಂದ್ರೆ ನೀರು ಆರಿ ಉಳಿದ ಉಪ್ಪು, ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದೆ, ಮತ್ತೆ ಬಂದ್ರೆ ಗೊತ್ತಾಗತ್ತೆ. ಕಾಂಟ್ರಾಕ್ಟರ್ ಈಗ್ಲೇ ಜಿಪ್ಸಮ್ ಬೋರ್ಡ್ ಹೊಡೆಯೋಣ ಅಂತಾನೆ, ಆಮೇಲೆ ಹಿಂದುಗಡೆ ಬೂಷ್ಟು ಹಿಡಿದ್ರೆ ಯಾರಿಗೆ ಕಾಣತ್ತೆ? ಒಂದು ಮಳೆಗಾಲ ನೋಡೇ ಮುಂದಿನ ಕೆಲಸ. ಮಲಗೋ ರೂಮ್ ಮಾಡೋದಾದ್ರೆ ಬೆಂಕಿ ಗಿಂಕಿ ಬಿದ್ರೆ ಆಚೆ ದಾಟೋವಷ್ಟು ದೊಡ್ಡ ಕಿಟಕಿ ಬೇಕು, ಅದನ್ನ ಗೋಡೆ ಒಣಗಿದ್ಮೇಲೆ ಕೇಳ್ತೀನಿ.