ಮಗಳಿಗೆ ಪ್ಯಾಡ್‌ನಿಂದ ಉರಿ, ಗುಳ್ಳೆ: ಪ್ಯಾಡ್ ಬದಲಿಸಬೇಕಾ, ಬಟ್ಟೆಗೆ ಹೋಗಬೇಕಾ?

ಅಂಕೋಲೆ ಟೇಲರಕ್ಕ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲೆ ಹತ್ತಿರದ ಹಳ್ಳಿಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಹೆಚ್ಚಾಗಿ ರವಿಕೆ ಮತ್ತು ಶಾಲೆಯ ಯೂನಿಫಾರ್ಮ್. ಚೌತಿ ಹೊಲಿಗೆ ತಲೆ ಮೇಲಿದೆ, ಆದರೂ ಕೂತು ಬರೆಯುತ್ತಿದ್ದೇನೆ ಅಂದರೆ ನನ್ನ ತಲೆಬಿಸಿ ನಿಮಗೆ ಗೊತ್ತಾಗಬೇಕು. ಸ್ವಲ್ಪ ಉದ್ದ ಇದೆ. ಸಂಕೋಚ ಬಿಟ್ಟು ಬರೆದಿದ್ದೇನೆ, ನೀವೂ ಹಾಗೇ ಉತ್ತರ ಕೊಡಿ.

ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಪ್ರತಿ ತಿಂಗಳೂ ಇದೇ ಕತೆ. ಮುಟ್ಟಾದ ಎರಡನೇ ದಿನಕ್ಕೆ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ, ಉರಿ. ಬಸ್ಸಿಳಿದು ಮನೆಗೆ ಬರುವಾಗ ಕಾಲು ಅಗಲಿಸಿಕೊಂಡು ನಡೆಯುತ್ತಾಳೆ. ಮುಟ್ಟು ಮುಗಿದ ಮೇಲೆ ತಾನಾಗಿ ಕಡಿಮೆಯಾಗುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದೆ. ಜ್ವರ ಇಲ್ಲ, ಕೆಟ್ಟ ವಾಸನೆ ಇಲ್ಲ, ಬಿಳಿ ಹೋಗುವುದೂ ಇಲ್ಲ. ತೆಂಗಿನೆಣ್ಣೆ ಬಿಟ್ಟು ಬೇರೆ ಏನೂ ಹಚ್ಚಿಲ್ಲ. ಬಳಸುವುದು ಪರಿಮಳ ಇರುವ, ತೆಳ್ಳಗಿನ ಪ್ಯಾಡ್.

ಅತ್ತೆ ಹೇಳುವುದು, "ನಾವೆಲ್ಲ ಬಟ್ಟೆಯಲ್ಲೇ ಜೀವನ ಕಳೆದೆವು, ಏನಾಯಿತು?" ಆ ಬಟ್ಟೆ ಎಲ್ಲಿ ಒಣಗುತ್ತಿತ್ತು ಅಂತ ನನಗೆ ಗೊತ್ತು. ಬಚ್ಚಲ ಒಲೆಯ ಹಿಂದೆ ಒಂದು ಹಗ್ಗ, ಅದರ ಮೇಲೆ ಬಟ್ಟೆ, ಯಾರಿಗೂ ಕಾಣದ ಹಾಗೆ ಮೇಲೊಂದು ಹಳೇ ಲುಂಗಿ. ನಾನು ಮದುವೆಯಾಗಿ ಬಂದ ಮೊದಲ ಮಳೆಗಾಲ ನನ್ನದೂ ಅಲ್ಲೇ ಇತ್ತು. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ನಾಲ್ಕು ಮಡಿಕೆಯ ಬಟ್ಟೆ ಒಣಗುವುದೆಲ್ಲಿ? ಮುಟ್ಟಿದರೆ ತಣ್ಣಗೆ, ಮೂಸಿದರೆ ಹೊಗೆ. ಅದನ್ನೇ ಕಟ್ಟಿಕೊಂಡು ಗದ್ದೆಗೆ ಇಳಿಯುತ್ತಿದ್ದರು. "ಏನೂ ಆಗಲಿಲ್ಲ" ಅನ್ನುವ ಅತ್ತೆಯ ತೊಡೆಯಲ್ಲಿ ಇವತ್ತಿಗೂ ಕಪ್ಪು ಕಲೆ ಇದೆ. ಅದನ್ನು ಅವರ ಎದುರು ಹೇಳುವ ಧೈರ್ಯ ನನಗಿಲ್ಲ.

ನಾದಿನಿ ಮಡಗಾಂವ್‌ನಲ್ಲಿದ್ದಾಳೆ. ಅವಳು ಮುಟ್ಟಿನ ಕಪ್ (ಒಳಗೆ ಇಟ್ಟು ರಕ್ತ ಹಿಡಿಯುವ ಪುಟ್ಟ ಬಟ್ಟಲು) ಹಾಕುತ್ತಾಳೆ, ಫೋನ್ ಮಾಡಿದಾಗೆಲ್ಲ ಅದೇ ಪುರಾಣ. 14 ವರ್ಷದ ಹುಡುಗಿಗೆ ಅದು ಸರಿಯಾ?

ಮಗಳದ್ದು ಬೇರೆಯೇ ಭಯ. ಪ್ಯಾಡ್ ಒಳಗಿನ ಜೆಲ್ಲಿಯಿಂದ ಕ್ಯಾನ್ಸರ್ ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಅಂತ ಯಾವುದೋ ರೀಲ್ ನೋಡಿದ್ದಾಳೆ. ಖಾತ್ರಿ ಮಾಡಿಕೊಳ್ಳಲು ಒಂದು ಪ್ಯಾಡ್ ಕತ್ತರಿಸಿ ಲೋಟದ ನೀರಿಗೆ ಹಾಕಿದಳು. ಅದೂ ನನ್ನ ಬಟ್ಟೆ ಕತ್ತರಿಯಲ್ಲಿ! ಟೇಲರ್ ಮನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬೈಯಲು ಹೋದವಳು ಲೋಟ ನೋಡಿ ಸುಮ್ಮನಾದೆ. ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬಿ ಕೂತಿತ್ತು. ಅವತ್ತಿನಿಂದ ನನಗೂ ಹೆದರಿಕೆ.

ಬಟ್ಟೆ ಪ್ಯಾಡ್ ನಾನೇ ಹೊಲಿಯಬಲ್ಲೆ. ಹತ್ತಿ ಫ್ಲಾನೆಲ್ ತುಂಡುಗಳು ಬೇಕಾದಷ್ಟಿವೆ. ಹೊಲಿಯಬೇಕಾ, ಅಥವಾ ಪ್ಯಾಡ್ ಕಂಪನಿ ಬದಲಿಸಿದರೆ ಸಾಕಾ? ಡಾಕ್ಟರಿಗೆ ತೋರಿಸಲೇಬೇಕು ಅಂದರೆ ಕಾರವಾರಕ್ಕೆ ಕರೆದುಕೊಂಡು ಹೋಗುತ್ತೇನೆ.

ಶಿರಸಿ ಸಿಸ್ಟರ್

ನಾನು 22 ವರ್ಷದಿಂದ ನರ್ಸ್. ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಹಾಕಿಕೊಂಡ ಪ್ಯಾಡನ್ನು ಅವಳು ಎಷ್ಟು ಗಂಟೆಗೆ ಬದಲಿಸುತ್ತಾಳೆ? ಇಷ್ಟುದ್ದ ಬರೆದಿದ್ದೀರಿ, ಅದೊಂದನ್ನು ಬರೆದಿಲ್ಲ. ಅವಳನ್ನೇ ಕೇಳಿ, ಗಂಟೆ ಲೆಕ್ಕದಲ್ಲಿ ಹೇಳಿ.

ಅಷ್ಟರಲ್ಲಿ ಜೆಲ್ಲಿ ವಿಷಯ. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಕೂಸುಗಳ ಡೈಪರ್‌ನಲ್ಲೂ ಇದೇ ಇರುತ್ತದೆ. ನೀರು ಕುಡಿದು ಉಬ್ಬುವುದೇ ಅದರ ಕೆಲಸ, ಉಬ್ಬಿತು ಅಂದ ಮಾತ್ರಕ್ಕೆ ವಿಷ ಅಲ್ಲ. ಈ ಭಯಕ್ಕೆ ಒಂದು ಹಿನ್ನೆಲೆ ಇದೆ. 1980ರಲ್ಲಿ ಅಮೆರಿಕದಲ್ಲಿ ರಿಲೈ ಅನ್ನುವ ಟ್ಯಾಂಪನ್ ಬಳಸಿದ ಹಲವು ಹೆಂಗಸರಿಗೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಬಂತು, ಕೆಲವರು ತೀರಿಕೊಂಡರು. ಆ ಸೆಪ್ಟೆಂಬರ್‌ನಲ್ಲೇ ಕಂಪನಿ ಮಾಲನ್ನು ವಾಪಸ್ ತೆಗೆದುಕೊಂಡಿತು. ಅದು ಒಳಗೆ ಇಡುವ ವಸ್ತು. ತುಂಬಾ ಹೀರುತ್ತದೆ ಅಂತ ತುಂಬಾ ಹೊತ್ತು ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿತು. ಹೊರಗೆ ಇಡುವ ಪ್ಯಾಡಿಗೆ ಆ ಕತೆ ಅಂಟಿಸುವುದು ಸರಿಯಲ್ಲ. ಆದರೂ ಲಕ್ಷಣ ತಿಳಿದಿರಲಿ. ಟ್ಯಾಂಪನ್ ಅಥವಾ ಕಪ್ ಹಾಕಿದವರಿಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಾದರೆ ತಕ್ಷಣ ಅದನ್ನು ತೆಗೆದು ಆಸ್ಪತ್ರೆಗೆ ಓಡಬೇಕು.

ಕ್ಯಾನ್ಸರ್ ಅಂದರೆ ರೀಲ್‌ನವರು ಹೇಳುವುದು ಗರ್ಭಕೊರಳಿನದ್ದು. ಅದು ಬರುವುದು ಎಚ್‌ಪಿವಿ ವೈರಸ್‌ನಿಂದ. ಅದಕ್ಕೆ ಲಸಿಕೆ ಇದೆ. 15 ತುಂಬುವ ಮೊದಲು ಶುರು ಮಾಡಿದರೆ ಸಾಮಾನ್ಯವಾಗಿ ಒಂದು ಅಥವಾ ಎರಡೇ ಡೋಸ್ ಸಾಕು. ನಿಮ್ಮ ಮಗಳಿಗೆ 14. ರೀಲ್ ನೋಡಿ ಹೆದರಿದ್ದಕ್ಕೆ ಈ ಲಾಭವಾದರೂ ಆಗಲಿ, ಲಸಿಕೆ ಬಗ್ಗೆ ವಿಚಾರಿಸಿ.

ಹಾಗಂತ ಪ್ಯಾಡ್ ಒಳಗೆ ಎಲ್ಲವೂ ಶುದ್ಧ ಅಂತಲೂ ಹೇಳುವುದಿಲ್ಲ. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆಯವರು ನಮ್ಮ ದೇಶದಲ್ಲಿ ಮಾರುವ 10 ಬಗೆಯ ಪ್ಯಾಡ್ ಪರೀಕ್ಷೆ ಮಾಡಿಸಿದಾಗ ಥ್ಯಾಲೇಟ್ ಅನ್ನುವ, ಪ್ಲಾಸ್ಟಿಕ್ ಮೆತ್ತಗಾಗಿಸುವ ರಾಸಾಯನಿಕಗಳು ಸಿಕ್ಕವು. ಪ್ಯಾಡ್‌ನಲ್ಲಿ ಇರುವುದು ಬೇರೆ, ಚರ್ಮದಿಂದ ಒಳಗೆ ಎಷ್ಟು ಹೋಗುತ್ತದೆ ಅನ್ನುವುದು ಬೇರೆ. ಕಂಪನಿಗಳು ಪ್ಯಾಕೆಟ್ ಮೇಲೆ ಏನೇನು ಹಾಕಿದ್ದೇವೆ ಅಂತ ಪೂರ್ತಿ ಬರೆಯಲಿ, ಆಮೇಲೆ ಮಾತಾಡೋಣ ಅನ್ನುವುದು ನನ್ನ ವಾದ.

ಪರಿಮಳದ ಪ್ಯಾಡ್ ಇವತ್ತೇ ನಿಲ್ಲಿಸಿ. ಡೆಟಾಲ್ ನೀರಲ್ಲಿ ತೊಳೆಯುವುದು, ಪೌಡರ್ ಹಾಕುವುದು ಏನಾದರೂ ಇದ್ದರೆ ಅದನ್ನೂ ನಿಲ್ಲಿಸಿ. ಬರೀ ನೀರು ಸಾಕು.

ಯಲ್ಲಾಪುರ ಘಟ್ಟ

ಎಲ್ಲಾ ಕಂಪನಿಗಳ ಆಟ. ಅಜ್ಜಿ ಕಾಲದ ಹತ್ತಿ ಬಟ್ಟೆಯೇ ಒಳ್ಳೆಯದು. ಕೆಮಿಕಲ್ ಇಲ್ಲ, ಖರ್ಚಿಲ್ಲ.

ಅಂಕೋಲೆ ಟೇಲರಕ್ಕ

ಘಟ್ಟದವರೇ, ಜುಲೈನಲ್ಲಿ ಒಮ್ಮೆ ನಮ್ಮನೆ ಬಚ್ಚಲಿಗೆ ಬನ್ನಿ.

ಕುಮಟಾ ಮೆಡಿಕಲ್

ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ 19 ವರ್ಷ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲಕ್ಕೆ ಹಾಕಿ ಕೊಟ್ಟವನು ನಾನು. ಹಾಗಾಗಿ ಎರಡು ಮಾತು.

ಅಕ್ಕಾ, ದಯವಿಟ್ಟು ಅಂಗಡಿಗೆ ಹೋಗಿ "ತುರಿಕೆಗೆ ಒಂದು ಕ್ರೀಮ್ ಕೊಡಿ" ಅನ್ನಬೇಡಿ. ಹಾಗೆ ಕೇಳಿದವರ ಕೈಗೆ ಎಷ್ಟೋ ಸಲ ಸೇರುವುದು ಸ್ಟಿರಾಯ್ಡ್ ಬೆರೆಸಿದ ಕ್ರೀಮ್. ಹಚ್ಚಿದ ಎರಡು ದಿನಕ್ಕೆ ಮಾಯ. ಒಳಗೆ ಫಂಗಸ್ ಇದ್ದರೆ ಅದು ಅಡಗಿ ಕೂತು ಆಮೇಲೆ ದುಪ್ಪಟ್ಟಾಗಿ ಬರುತ್ತದೆ. ತೊಡೆಸಂದಿಯ ಚರ್ಮ ಮೊದಲೇ ತೆಳು, ಅದು ಇನ್ನೂ ತೆಳುವಾಗಿ ಗೆರೆ ಬೀಳುತ್ತದೆ. ಪ್ಯಾಡ್‌ಗಿಂತ ಇದು ನನಗೆ ಜಾಸ್ತಿ ಹೆದರಿಕೆ.

ಪ್ಯಾಕೆಟ್ ಮೇಲೆ ಐಎಸ್ 5405 ಅನ್ನುವ ನಂಬರ್ ಇದೆಯಾ ನೋಡಿ. ನಮ್ಮ ದೇಶದಲ್ಲಿ ಪ್ಯಾಡಿಗೆ ಇರುವ ಮಾನಕ ಅದು, 2019ರಲ್ಲಿ ಪರಿಷ್ಕರಿಸಿದ್ದು. ಎಷ್ಟು ಹೀರಬೇಕು, ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 8.5ರ ಒಳಗಿರಬೇಕು ಅಂತೆಲ್ಲ ಅದರಲ್ಲಿದೆ. ತೊಳೆದು ಬಳಸುವ ಪ್ಯಾಡಿಗೆ ಬೇರೆ ನಂಬರ್, 17514. ನೀವು ಹೊಲಿದು ಮಾರುವ ಯೋಚನೆ ಇದ್ದರೆ ಅದನ್ನು ತಿಳಿದುಕೊಂಡಿರಿ. ಇನ್ನೊಂದು, ಪ್ಯಾಡ್ ಪ್ಯಾಕೆಟನ್ನು ಬಚ್ಚಲಿನಲ್ಲಿ ಇಡಬೇಡಿ. ನಮ್ಮ ಕಡೆಯ ತೇವಕ್ಕೆ ಒಡೆದ ಪ್ಯಾಕೆಟ್ ಬೇಗ ಹಾಳಾಗುತ್ತದೆ. ಖರ್ಚಿನ ಚಿಂತೆ ಇದ್ದರೆ ಜನೌಷಧಿ ಅಂಗಡಿಯಲ್ಲಿ 'ಸುವಿಧಾ' ಪ್ಯಾಡ್ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಒಂದಕ್ಕೆ 1 ರೂಪಾಯಿ ಮಾಡಿದರು.

ಕಾರವಾರದ ಕಪ್

ನಾದಿನಿ ಪರವಾಗಿ ಬಂದೆ. ಆರು ವರ್ಷದಿಂದ ಕಪ್ ಹಾಕುತ್ತಿದ್ದೇನೆ, ಬಿಡುವುದಿಲ್ಲ. ಆದರೆ ಮೊದಲ ಮೂರು ತಿಂಗಳು ಬಚ್ಚಲಿನಲ್ಲಿ ಕೂತು ಅತ್ತಿದ್ದೇನೆ. ಒಂದು ಸಲ ಕುದಿಯಲು ಇಟ್ಟು ಮರೆತು, ನೀರೆಲ್ಲ ಆರಿ ಕಪ್ ಪಾತ್ರೆಗೆ ಅಂಟಿತು. "ಏನೇ ಅದು ಟಯರ್ ಸುಟ್ಟ ವಾಸನೆ?" ಅಂತ ಆಯಿ ಅಡುಗೆಮನೆಗೆ ಬಂದಾಗ ನನ್ನ ಮುಖ ನೋಡಬೇಕಿತ್ತು.

ಸುರಕ್ಷತೆ ಬಗ್ಗೆ ನಾನೂ ಓದಿದ್ದೆ. 2019ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು, ಸುಮಾರು 3,300 ಹೆಂಗಸರು ಮತ್ತು ಹುಡುಗಿಯರದ್ದು. ಕಪ್ ಸುರಕ್ಷಿತ, ಸೋರುವುದು ಬೇರೆಯವಕ್ಕಿಂತ ಜಾಸ್ತಿ ಏನಿಲ್ಲ ಅಂತ ಇತ್ತು. ಸಿಸ್ಟರ್ ಹೇಳಿದ ಟಾಕ್ಸಿಕ್ ಶಾಕ್ ಐದು ಕೇಸ್ ಮಾತ್ರ ಅವರಿಗೆ ಸಿಕ್ಕಿದ್ದು. ವಂಕಿ (ಮಕ್ಕಳಾಗದಂತೆ ಗರ್ಭಕೋಶದಲ್ಲಿ ಇಡುವ ಕಾಪರ್-ಟಿಯಂಥದ್ದು) ಹಾಕಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳಿಯೇ ಹಾಕಬೇಕು. ಕಪ್ ಎಳೆಯುವಾಗ ವಂಕಿ ಜಾರಿದ್ದೂ ಇದೆ.

14 ವರ್ಷದವರು ಹಾಕಲೇಬಾರದು ಅಂತಿಲ್ಲ. ಆದರೆ ಸೋದರತ್ತೆ ಹೇಳಿದಳು ಅಂತ ಹಾಕುವ ವಸ್ತು ಅದಲ್ಲ. ಹುಡುಗಿಗೇ ಬೇಕೆನಿಸಬೇಕು. ಮತ್ತೆ ತೊಳೆಯಲು ನೀರು, ಹಾಕಲು ಬಾಗಿಲು ಎರಡೂ ಬೇಕು.

ಅಂಕೋಲೆ ಟೇಲರಕ್ಕ

ಸಿಸ್ಟರ್, ಕೇಳಿದೆ. ಮೊದಲು ಹೇಳಲಿಲ್ಲ. ರಾತ್ರಿ ಕಾಜಾ ಹಾಕುತ್ತಾ ಕೂತಾಗ ಪಕ್ಕ ಬಂದು ಕೂತು ಹೇಳಿದಳು.

ಬೆಳಿಗ್ಗೆ 7:45ಕ್ಕೆ ಮನೆ ಬಿಡುತ್ತಾಳೆ, ಸಂಜೆ 5:15ಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಒಂದೇ ಪ್ಯಾಡ್. ಒಂಬತ್ತೂವರೆ ಗಂಟೆ! ಮೇಲಿಂದ ಮಳೆಯಲ್ಲಿ ನೆನೆದ ಲಂಗ. ಯಾಕೆ ಅಂತ ಕೇಳಿದರೆ, ಹುಡುಗಿಯರ ಶೌಚಾಲಯ ಎರಡಿವೆ, ಒಂದಕ್ಕೆ ಚಿಲಕ ಇಲ್ಲ. ಇನ್ನೊಂದರ ಮುಂದೆ ಸಾಲು. ಒಳಗೆ ಬಕೆಟ್ ಇಲ್ಲ. ಹೋದ ವರ್ಷ ಯಾರೋ ಕಟ್ಟಡದ ಹಿಂದೆ ಎಸೆದದ್ದು ಹುಡುಗರ ಕಣ್ಣಿಗೆ ಬಿದ್ದು ದೊಡ್ಡ ಗಲಾಟೆಯಾಯಿತಂತೆ. ಅವತ್ತಿನಿಂದ ಇವರ ಗುಂಪಿನಲ್ಲಿ ಯಾರೂ ಶಾಲೆಯಲ್ಲಿ ಪ್ಯಾಡ್ ಬದಲಿಸುವುದಿಲ್ಲ. ನೀರೂ ಕುಡಿಯುವುದಿಲ್ಲ. ನಾನು ಮೂರು ತಿಂಗಳಿಂದ ಪ್ಯಾಡ್ ಮೇಲೆ ಅನುಮಾನ ಪಡುತ್ತಾ ಕೂತಿದ್ದೆ.

ಆಮೇಲೆ ಇನ್ನೊಂದು ಹೇಳಿದಳು. "ಆಯಿ, ನೀನು ಹೊಲಿದ ಲಂಗಕ್ಕೆ ಜೇಬಿಲ್ಲ. ಪ್ಯಾಡ್ ತಗೊಂಡು ಹೋಗಬೇಕಂದ್ರೆ ಬ್ಯಾಗ್ ಪೂರ್ತಿ ಎತ್ತಿಕೊಂಡು ಹೋಗಬೇಕು. ಎಲ್ಲರಿಗೂ ಗೊತ್ತಾಗ್ತದೆ." ಆ ಶಾಲೆಯ ಅರ್ಧ ಯೂನಿಫಾರ್ಮ್ ನಾನೇ ಹೊಲಿಯುವುದು. ಹುಡುಗರ ಚಡ್ಡಿಗೆ ಎರಡು ಜೇಬು, ಅಂಗಿಗೆ ಒಂದು. ಹುಡುಗಿಯರಿಗೆ ಒಂದೂ ಇಲ್ಲ. ಯಾರೂ ಕೇಳಲಿಲ್ಲ, ನಾನೂ ಇಡಲಿಲ್ಲ.

ಶಾಲೆಯ ಅಕ್ಕೋರ (ಟೀಚರ್) ಹತ್ತಿರ ನಿನ್ನೆ ಮಾತಾಡಿದೆ. ಒಳ್ಳೆಯವರು, ಅವರೂ ಎಷ್ಟು ಸಲ ಅಂತ ಕೇಳುತ್ತಾರೆ. ಚಿಲಕ ನಾನೇ ತರುತ್ತೇನೆ ಅಂದೆ, ನಮ್ಮವರು ಬಂದು ಹಾಕಿಕೊಡುತ್ತಾರೆ. ಬಕೆಟ್ ಇಟ್ಟರೆ ಅದನ್ನು ಎಲ್ಲಿ ಖಾಲಿ ಮಾಡುವುದು? ನಾವು ಮನೆಯಲ್ಲಿ ಬಚ್ಚಲ ಒಲೆಗೆ ಹಾಕುತ್ತೇವೆ.

ಶಿರಸಿ ಸಿಸ್ಟರ್

ಒಂಬತ್ತೂವರೆ ಗಂಟೆ ಅಂದಮೇಲೆ ಯಾವ ಕಂಪನಿಯದಾದರೂ ಅಷ್ಟೇ. ಬೆವರು, ತೇವ, ಉಜ್ಜಾಟ. ತುಂಬಿರಲಿ ಬಿಡಲಿ, ನಾಲ್ಕರಿಂದ ಆರು ಗಂಟೆಗೆ ಬದಲಿಸಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಸಲ ಆದರೂ ಸಾಕು. ಬೆಳಿಗ್ಗೆ ಹೊರಡುವಾಗ ತೊಡೆಸಂದಿಗೆ ಪರಿಮಳ ಇಲ್ಲದ ವ್ಯಾಸಲೀನ್ ತೆಳ್ಳಗೆ ಹಚ್ಚಲಿ. ಎರಡು ತಿಂಗಳು ಹೀಗೆ ಮಾಡಿಯೂ ಗುಳ್ಳೆ ಬಂದರೆ, ಅಥವಾ ಕೀವು, ಜ್ವರ, ವಾಸನೆ ಕಂಡರೆ ಮಾತ್ರ ಕಾರವಾರಕ್ಕೆ ಹೋಗಿ.

ಬಚ್ಚಲ ಒಲೆಗೆ ಹಾಕಬೇಡಿ. ಪ್ಯಾಡ್ ಅಂದರೆ ಅರ್ಧ ಪ್ಲಾಸ್ಟಿಕ್, ಆ ಹೊಗೆ ಕುಡಿಯುವವರು ನೀವೇ. ಪೇಪರಿನಲ್ಲಿ ಸುತ್ತಿ ಪಂಚಾಯತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಸುತ್ತಿ ಬಿಸಾಡಲು ಕವರನ್ನು ಕಂಪನಿಯವರೇ ಕೊಡಬೇಕು ಅಂತ 2016ರ ಕಸದ ನಿಯಮದಲ್ಲೇ ಬರೆದಿದ್ದರು. ಶಾಲೆಗೆ ಗಾಡಿ ಬರುವ ದಿನ ಯಾವುದು ಅಂತ ಪಂಚಾಯತಿಯಲ್ಲಿ ಕೇಳಿ, ಬಕೆಟ್‌ಗೆ ಮುಚ್ಚಳ ಇರಲಿ, ಕಾಲಲ್ಲಿ ಒತ್ತುವಂಥದ್ದು.

ಬಟ್ಟೆ ಪ್ಯಾಡ್ ಬೇಕಾದರೆ ಹೊಲಿಯಿರಿ, ಮನೆಯಲ್ಲಿರುವಾಗ ಹಾಕಲಿ. ಮೊದಲು ತಣ್ಣೀರಲ್ಲಿ ತೊಳೆಯಬೇಕು, ಆಮೇಲೆ ಸೋಪು. ಮಳೆಗಾಲದಲ್ಲಿ ಕೊನೆಗೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಇಸ್ತ್ರಿ ಪೆಟ್ಟಿಗೆ ಹೇಗೂ ನಿಮ್ಮ ಮೇಜಿನ ಮೇಲೇ ಇರುತ್ತದಲ್ಲ.

ಅಂಕೋಲೆ ಟೇಲರಕ್ಕ

ಸರಿ ಸಿಸ್ಟರ್. ಗಾಡಿ ಬುಧವಾರ ಬರುತ್ತದಂತೆ.

ಮೂರು ಲಂಗಕ್ಕೆ ಬಲಗಡೆ ಹೊಲಿಗೆಯಲ್ಲಿ ಒಳಜೇಬು ಇಟ್ಟೆ, ಆರು ಇಂಚು ಆಳ. ಮಡಚಿದ ಪ್ಯಾಡ್ ಹಿಡಿಯುತ್ತದೆ, ಆದರೆ ಮಗಳು ಓಡಿದರೆ ಹೊರಗೆ ಇಣುಕುತ್ತದೆ. ಬಾಯಿಗೆ ಒಂದು ಪ್ರೆಸ್ ಬಟನ್ ಹಾಕಿದರೆ ಸದ್ದಾಗುತ್ತದೆ ಅಂತಾಳೆ. ಜಿಪ್ ಬೇಡ, ತುಕ್ಕು ಹಿಡಿಯುತ್ತದೆ. ಇಲ್ಲಿ ಹೊಲಿಯುವವರು ಬೇರೆ ಯಾರಾದರೂ ಇದ್ದರೆ ಹೇಳಿ, ಏನು ಹಾಕಲಿ?