ಕಾಳ್ಗಿಚ್ಚಿನ ಬೇಸಿಗೆಯಲ್ಲಿ ಗುಡ್ಡದ ಮನೆಯಿಂದ ಯಾವಾಗ ಹೊರಡಬೇಕು? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ಮೆಲ್ಬರ್ನ್ ನಗರವನ್ನು ಬಿಟ್ಟು ಕಿಂಗ್‌ಲೇಕ್ ಕಡೆಯ ಗುಡ್ಡದ ಮೇಲೆ ಮೂರು ಎಕರೆ ಜಾಗವನ್ನೂ ಒಂದು ಹಳೆಯ ಮರದ ಮನೆಯನ್ನೂ ಕೊಂಡಿದ್ದೇವೆ. ಇದು ಇಲ್ಲಿ ನಮ್ಮ ಮೊದಲ ಬೇಸಿಗೆ. ಇಬ್ಬರು ಮಕ್ಕಳು, ಎರಡು ಕುದುರೆ, ಜೊತೆಗೆ ಊರಿನಿಂದ ಬಂದಿರುವ ಅತ್ತೆ, ಮಾವ ಇದ್ದಾರೆ. ಮಾವನವರು ತೀರ್ಥಹಳ್ಳಿ ಕಡೆಯವರು. ಬೇಣಕ್ಕೆ ಬೆಂಕಿ ಬಿದ್ದಾಗಲೆಲ್ಲ ಹಸಿ ಸೊಪ್ಪಿನಿಂದ ಬಡಿದು ಆರಿಸಿದ ಅನುಭವ ಅವರಿಗಿರುವುದರಿಂದ, ಮನೆ ಬಿಟ್ಟು ಓಡುವುದೇಕೆ ಎನ್ನುತ್ತಾರೆ. ನಮ್ಮ ಯಜಮಾನರು ಹೊಗೆ ಕಂಡ ಮೇಲೆ ಹೊರಟರೆ ಸಾಕು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಸರಿಯಲ್ಲ ಎಂದು ಹೇಳಬೇಕಾಗಿದೆ. ಆದರೆ ಇಬ್ಬರಿಗೂ ಕಾರಣ ಹೇಳುವುದು ನನ್ನ ಕರ್ತವ್ಯ.

ಮೊದಲು ಮಾವನವರ ಮಾತು. ಮಲೆನಾಡಿನ ಬೇಣದ ಬೆಂಕಿ ಸಾಮಾನ್ಯವಾಗಿ ನೆಲದ ಹುಲ್ಲು, ತರಗೆಲೆಗಳಲ್ಲಿ ಹರಿಯುವಂಥದ್ದು. ಅದನ್ನು ಹತ್ತು ಜನ ಸಾಲಾಗಿ ನಿಂತು ಬಡಿದು ತಡೆಯುವುದು ಸಾಧ್ಯ. ಅಲ್ಲಿಯೂ ಅದು ಅಪಾಯವಿಲ್ಲದ ಕೆಲಸವೇನಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಇಲ್ಲಿನದು ಬೇರೆಯೇ ಬೆಂಕಿ. ನೀಲಗಿರಿ ಜಾತಿಯ ಈ ಮರಗಳ ಎಲೆಯಲ್ಲಿ ಎಣ್ಣೆಯಿದೆ, ಕಾಂಡದಿಂದ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತಿರುತ್ತದೆ. ಹೊತ್ತಿಕೊಂಡ ತೊಗಟೆಯನ್ನು ಗಾಳಿ ಎತ್ತಿಕೊಂಡು ಹೋಗಿ, ಮುಖ್ಯ ಬೆಂಕಿಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಹೊಸ ಬೆಂಕಿಯನ್ನು ಹುಟ್ಟಿಸುತ್ತದೆ. ಮೇಲಾಗಿ ನಿಮ್ಮ ಮನೆ ಗುಡ್ಡದ ಮೇಲಿದೆ. ಏರುಮುಖದಲ್ಲಿ ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಾದಾಗ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಜ್ವಾಲೆ ಮೈ ಮುಟ್ಟುವುದಕ್ಕೂ ಮೊದಲೇ ಅದರ ಝಳ ಮನುಷ್ಯನನ್ನು ಕೊಲ್ಲಬಲ್ಲದು. ಸೊಪ್ಪು ಬೀಸುವಷ್ಟು ಹತ್ತಿರ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಹೊಗೆ ಕಂಡ ಮೇಲೆ ಹೊರಡುವ ವಿಚಾರ. 2009ರ ಫೆಬ್ರವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಸೆಲ್ಸಿಯಸ್ ಬಿಸಿಲಿತ್ತು. ಅಂದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕಿಲ್ಮೋರ್ ಈಸ್ಟ್‌ನಲ್ಲಿ ಹೊತ್ತಿದ ಬೆಂಕಿ ಸಂಜೆಯೊಳಗೆ ನಿಮ್ಮ ಕಿಂಗ್‌ಲೇಕ್ ಗುಡ್ಡವನ್ನು ಹತ್ತಿತ್ತು. ಆ ದಿನ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಹೊತ್ತಿದ ಬೆಂಕಿಗಳಲ್ಲಿ 173 ಜನ ಸತ್ತರು, ಅವರಲ್ಲಿ 119 ಜನ ಈ ಒಂದೇ ಬೆಂಕಿಗೆ ಬಲಿಯಾದರು. ಆ ದಿನದಿಂದ ಕಲಿಯಬೇಕಾದದ್ದು ಗಾಳಿಯ ತಿರುವು. ಉತ್ತರದಿಂದ ಬೀಸುವ ಬಿಸಿಗಾಳಿ ಬೆಂಕಿಯನ್ನು ಒಂದು ನಾಲಿಗೆಯಂತೆ ಕಿರಿದಾಗಿ, ಉದ್ದವಾಗಿ ಒಯ್ಯುತ್ತದೆ. ಸಂಜೆ ನೈಋತ್ಯದ ತಂಪುಗಾಳಿ ಬಂದೊಡನೆ ಆ ನಾಲಿಗೆಯ ಇಡೀ ಪಕ್ಕವೇ ಬೆಂಕಿಯ ಮುಂಭಾಗವಾಗಿ ಮುನ್ನುಗ್ಗುತ್ತದೆ. ಸೆಕೆ ತಗ್ಗಿತೆಂದು ನಾವು ನಿಟ್ಟುಸಿರು ಬಿಡುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆಯಾಗಿರುತ್ತದೆ. ಆ ವೇಳೆಗೆ ರಸ್ತೆಯ ಮೇಲೆ ಮರ ಬಿದ್ದಿರುತ್ತದೆ, ಹೊಗೆಯಲ್ಲಿ ಮುಂದಿನ ಕಾರಿನ ದೀಪವೂ ಕಾಣುವುದಿಲ್ಲ.

ಆದ್ದರಿಂದ ಹೊರಡುವ ನಿರ್ಧಾರಕ್ಕೆ ಹೊಗೆ ಆಧಾರವಾಗಬಾರದು. ಹಿಂದಿನ ದಿನ ಪ್ರಕಟವಾಗುವ ಬೆಂಕಿ ಅಪಾಯದ ಮಟ್ಟ ಆಧಾರವಾಗಬೇಕು. 2022ರ ಸೆಪ್ಟೆಂಬರ್‌ನಿಂದ ಆಸ್ಟ್ರೇಲಿಯಾ ದೇಶಕ್ಕೆಲ್ಲ ಒಂದೇ ಅಳತೆಯಿದೆ, ಕಡಿಮೆ ಅಪಾಯದಿಂದ ಹೆಚ್ಚಿನದರ ಕಡೆಗೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಕೆಟಾಸ್ಟ್ರಾಫಿಕ್ ಎಂದು ಪ್ರಕಟವಾದರೆ ಹಿಂದಿನ ರಾತ್ರಿ ಅಥವಾ ಮುಂಜಾನೆಯೇ ಹೊರಡಬೇಕು, ಬೆಂಕಿ ಎಲ್ಲಿಯೂ ಹೊತ್ತಿರದಿದ್ದರೂ ಸರಿ. ಮಕ್ಕಳು, ವಯಸ್ಸಾದವರು, ಗುಡ್ಡ, ಸುತ್ತಲೂ ಮರ ಇರುವ ನಿಮ್ಮಂಥ ಮನೆಯವರು ಎಕ್ಸ್‌ಟ್ರೀಮ್ ದಿನವೂ ಹೊರಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ನಾಲ್ಕೈದು ಸಲ ಸುಮ್ಮನೆ ಹೋಗಿ ಬಂದಂತಾಗಬಹುದು. ಆ ದಿನಗಳಲ್ಲಿ ನಗರದ ಸ್ನೇಹಿತರ ಮನೆಯಲ್ಲಿ ಊಟ ಮಾಡಿ ಬನ್ನಿ.

ಪ್ರಶ್ನೆ: ಮೊಬೈಲಿನಲ್ಲಿ ಬರುವ ಎಚ್ಚರಿಕೆಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಅತ್ತೆ ಮಾವನಿಗೆ ಇಂಗ್ಲಿಷ್ ಬರುವುದಿಲ್ಲ.

ಉತ್ತರ: ರಾಜ್ಯ ಸರ್ಕಾರದ ತುರ್ತು ಎಚ್ಚರಿಕೆಗಳನ್ನು ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ಮೂರು ಹಂತಗಳಿವೆ. ಹಳದಿ ಬಣ್ಣದ್ದು 'ಅಡ್ವೈಸ್'. ಇದನ್ನು ಬರಿಯ ಬುದ್ಧಿಮಾತೆಂದು ತಿಳಿದು ಬದಿಗೆ ಸರಿಸುವವರನ್ನು ನಾನು ಬಹಳ ಕಂಡಿದ್ದೇನೆ. ಹತ್ತಿರದಲ್ಲೊಂದು ಘಟನೆ ನಡೆದಿದೆ, ಗಮನವಿಡಿ ಎಂದು ಅದರ ಅರ್ಥ. ಕಿತ್ತಳೆ ಬಣ್ಣದ 'ವಾಚ್ ಆ್ಯಂಡ್ ಆ್ಯಕ್ಟ್' ಬಂದರೆ ತಡಮಾಡದೆ ಕೆಲಸಕ್ಕಿಳಿಯಬೇಕು. ಕೆಂಪು ಬಣ್ಣದ 'ಎಮರ್ಜೆನ್ಸಿ ವಾರ್ನಿಂಗ್' ಬರುವ ವೇಳೆಗೆ ಹೊರಡುವ ಸಮಯವೇ ಮೀರಿರಬಹುದು, ಆಗ ಸಂದೇಶದಲ್ಲಿಯೇ ಹಾಗೆಂದು ಬರೆದಿರುತ್ತಾರೆ. ಎಚ್ಚರಿಕೆ ಬರಲಿ ಎಂದು ಕಾಯಬೇಡಿ, ಅದು ಬಾರದೆಯೂ ಬೆಂಕಿ ಬರಬಹುದು. ವಿದ್ಯುತ್ತು, ಮೊಬೈಲ್ ಸಿಗ್ನಲ್ ಹೋಗುವ ಸಂಭವವಿರುವುದರಿಂದ ಬ್ಯಾಟರಿ ರೇಡಿಯೊವನ್ನು ಇಟ್ಟುಕೊಂಡು ರಾಷ್ಟ್ರೀಯ ಬಾನುಲಿಯಾದ ಎಬಿಸಿಯ ಸ್ಥಳೀಯ ಕೇಂದ್ರವನ್ನು ಹಿಡಿದಿಡಿ. ಹಿರಿಯರು ಮನೆಯಲ್ಲಿ ಅವರಿಬ್ಬರೇ ಇರುವಾಗ ಸರ್ಕಾರದ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ, 'ಕನ್ನಡ' ಎಂದು ಹೇಳಿ ದುಭಾಷಿಯನ್ನು ಕೇಳಬಹುದು. ಅವರ ಮೂಲಕ ವಿಕ್‌ಎಮರ್ಜೆನ್ಸಿ ಸಹಾಯವಾಣಿ 1800 226 226ರ ತುರ್ತು ಮಾಹಿತಿಯನ್ನು ಪಡೆಯಬಹುದು. ಪ್ರಾಣಾಪಾಯವಿದ್ದರೆ 000.

ಪ್ರಶ್ನೆ: ನಾನು ಬೆಂಡಿಗೊ ಕಡೆಯವನು. ಮನೆಯ ಸುತ್ತ ಮರಗಳೇ ಇಲ್ಲ, ಬರೀ ಹುಲ್ಲುಗಾವಲು. ಉಳಿದು ಮನೆಯನ್ನು ಕಾಪಾಡಿಕೊಳ್ಳಬಹುದಲ್ಲವೇ?

ಉತ್ತರ: ಒಣಗಿದ ಹುಲ್ಲಿನ ಬೆಂಕಿ ಗಂಟೆಗೆ 25 ಕಿಲೋಮೀಟರ್‌ವರೆಗಿನ ವೇಗದಲ್ಲಿ ಓಡಬಲ್ಲದು. ನೀವೆಷ್ಟು ದೂರ ಅದರ ಮುಂದೆ ಓಡಬಲ್ಲಿರಿ?

ಉಳಿಯುವುದಾದರೆ ಕನಿಷ್ಠ 10,000 ಲೀಟರ್ ನೀರು, ವಿದ್ಯುತ್ತನ್ನು ನೆಚ್ಚದ ಪೆಟ್ರೋಲ್ ಅಥವಾ ಡೀಸೆಲ್ ಪಂಪು, ದೇಹದಾರ್ಢ್ಯವುಳ್ಳ ಇಬ್ಬರು ವಯಸ್ಕರು ಬೇಕು. ನೀರಿನ ಟ್ಯಾಂಕು ಕಾಂಕ್ರೀಟಿನದೋ ಉಕ್ಕಿನದೋ ಆಗಿರಲಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ಇಷ್ಟೆಲ್ಲ ಇದ್ದರೂ ಎಕ್ಸ್‌ಟ್ರೀಮ್ ದಿನಕ್ಕೆ ತಕ್ಕಂತೆ ಕಟ್ಟಿ, ಸಿದ್ಧಪಡಿಸಿದ ಮನೆಗಳು ಕಡಿಮೆ. ಕೆಟಾಸ್ಟ್ರಾಫಿಕ್ ದಿನ ಯಾವ ಮನೆಯನ್ನೂ ನಂಬಬೇಡಿ.

ಹೊರಡುವವರೂ ಮನೆಯನ್ನು ಅಣಿಗೊಳಿಸಬೇಕು. ಮನೆಗಳನ್ನು ಹೆಚ್ಚಾಗಿ ಸುಡುವುದು ಕಿಡಿಗಳು. ಒಮ್ಮೆ ಬೆಂಕಿ ದಾಟಿಹೋದ ಮೇಲೆ ನಾವು ನೋಡಿದ ಮನೆಯೊಂದರಲ್ಲಿ ಗೋಡೆ, ಕಿಟಕಿ ಎಲ್ಲ ಸರಿಯಾಗಿಯೇ ಇದ್ದವು. ಮುಂಬಾಗಿಲ ತೆಂಗಿನನಾರಿನ ಕಾಲೊರಸು ಮಾತ್ರ ನಡುವೆ ಅಂಗೈಯಗಲ ಸುಟ್ಟು ಇನ್ನೂ ಹೊಗೆಯಾಡುತ್ತಿತ್ತು, ಬಾಗಿಲ ಅಂಚು ಆಗಲೇ ಕಪ್ಪಾಗಿತ್ತು. ನಾವು ಬರುವುದು ಇನ್ನಷ್ಟು ತಡವಾಗಿದ್ದರೆ ಮನೆ ಉಳಿಯುತ್ತಿರಲಿಲ್ಲ. ಕಾಲೊರಸು, ಒಟ್ಟಿದ ಸೌದೆ, ಬೆತ್ತದ ಕುರ್ಚಿ ಎಲ್ಲವನ್ನೂ ಗೋಡೆಯಿಂದ ದೂರವಿಡಿ. ಸೂರಿನ ದೋಣಿಯಲ್ಲಿ ಬಿದ್ದ ಎಲೆಯನ್ನು ಬೇಸಿಗೆ ಪೂರ್ತಿ ತೆಗೆಯುತ್ತಿರಿ. ಗ್ಯಾಸ್ ಸಿಲಿಂಡರಿನ ಸುರಕ್ಷಾ ವಾಲ್ವಿನ ಮುಖ ಮನೆಯ ಕಡೆಗಿರದಂತೆ ತಿರುಗಿಸಿ.

ಮೊದಲ ಪ್ರಶ್ನೆ ಕೇಳಿದ ಸೋದರಿಗೂ ಒಂದು ಮಾತು: ಕುದುರೆಗಳನ್ನು ಸಾಗಿಸುವುದಾದರೆ ಹಿಂದಿನ ದಿನವೇ ಸಾಗಿಸಿ. ಆಗದಿದ್ದರೆ ಹುಲ್ಲು ಪೂರ್ತಿ ಮೇಯ್ದು ಬೋಳಾದ ದೊಡ್ಡ ಬಯಲಿಗೆ ಬಿಟ್ಟು, ನೈಲಾನಿನ ಹಗ್ಗ, ಹೊದಿಕೆಗಳನ್ನು ಕಳಚಿ, ಏಕೆಂದರೆ ಅವು ಕರಗಿ ಚರ್ಮಕ್ಕೆ ಅಂಟುತ್ತವೆ. ರಸ್ತೆಗೆ ಮಾತ್ರ ಬಿಡಬೇಡಿ.

ಪ್ರಶ್ನೆ: ಹೊರಟ ಮೇಲೆ ದಾರಿಯಲ್ಲಿ ಬೆಂಕಿ ಸುತ್ತುವರಿದರೆ?

ಉತ್ತರ: ಕಾರು ಆಶ್ರಯವೆಂದು ತಿಳಿಯಬೇಡಿ, ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಅದರಲ್ಲಿರಿ. ಮರ, ಎತ್ತರದ ಹುಲ್ಲುಗಳಿಂದ ದೂರ, ರಸ್ತೆಯ ಬದಿಯ ಬೋಳು ಜಾಗದಲ್ಲಿ, ಬೆಂಕಿ ಬರುವ ದಿಕ್ಕಿಗೆ ಮುಖಮಾಡಿ ನಿಲ್ಲಿಸಿ. ದೀಪ ಹಾಕಿ, ಕಿಟಕಿ ಮತ್ತು ಗಾಳಿಕಿಂಡಿಗಳನ್ನು ಮುಚ್ಚಿ. ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಗ್ಗಿ, ಉಣ್ಣೆಯ ಕಂಬಳಿಯನ್ನು ಪೂರ್ತಿ ಹೊದ್ದುಕೊಂಡು, ಮುಖ್ಯ ಬೆಂಕಿ ದಾಟುವವರೆಗೆ ಒಳಗೇ ಇರಿ. ಊರಿನಿಂದ ತಂದ ಕರಿಕಂಬಳಿಯನ್ನು ಅಟ್ಟದಲ್ಲಿಟ್ಟಿದ್ದರೆ ಇಳಿಸಿ ಕಾರಿನಲ್ಲಿಡಿ. ಬಟ್ಟೆ ಹತ್ತಿಯದೋ ಉಣ್ಣೆಯದೋ ಆಗಿರಲಿ, ತೋಳು ಉದ್ದವಿರಲಿ. ಸಿಂಥೆಟಿಕ್ ಸೀರೆ, ನೈಟಿ ಉಟ್ಟು ಹೊರಡುವುದು ಬೇಡ.

ಪ್ರಶ್ನೆ: ಸಂಕ್ರಾಂತಿಗೆ ಮಕ್ಕಳಿಗೆ ತೋರಿಸಲೆಂದು ಅಂಗಳದಲ್ಲಿ ಸ್ವಲ್ಪ ಹುಲ್ಲು ಹರಡಿ ಕಿಚ್ಚು ಹಾಯಿಸಬಹುದೇ? ನೀರಿನ ಪೈಪು ಪಕ್ಕದಲ್ಲೇ ಇರುತ್ತದೆ.

ಉತ್ತರ: ಬೇಡ. ಜನವರಿ ಎಂದರೆ ಇಲ್ಲಿ ಬೆಂಕಿಯ ನಟ್ಟನಡುವಿನ ಕಾಲ, ಬಯಲಿನಲ್ಲಿ ಬೆಂಕಿ ಹಚ್ಚಲು ನಿರ್ಬಂಧವಿರುವ ಕಾಲ. ಅಡುಗೆಗೋ ಚಳಿಗೋ ಹಚ್ಚುವ ಸಣ್ಣ ಬೆಂಕಿಗೆ ಷರತ್ತಿನ ಮೇಲೆ ಇರುವ ವಿನಾಯಿತಿ ಹುಲ್ಲು ಹರಡಿ ಹಚ್ಚುವ ಕಿಚ್ಚಿಗೆ ಇಲ್ಲ. ಟೋಟಲ್ ಫೈರ್ ಬ್ಯಾನ್ ಘೋಷಿಸಿದ ದಿನವಂತೂ ಬಯಲಿನಲ್ಲಿ ಆ ಸಣ್ಣ ಬೆಂಕಿಯನ್ನೂ ಹಚ್ಚುವಂತಿಲ್ಲ. ದನಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಎಳ್ಳು ಬೀರಿ. ಕಿಚ್ಚು ನೋಡಲು ಮಕ್ಕಳನ್ನು ಮಂಡ್ಯ ಕಡೆಗೇ ಒಮ್ಮೆ ಕರೆದೊಯ್ಯಿರಿ.